ದೇವರ ಹೆಸರಿನ ಗುಳಿಗಿ

ಗುಳಿಗೆ ಇನ್ನೂ ಅಂಗೈಯಲ್ಲಿ ಇರುವಾಗಲೇ ಅತ್ತೆ ಬೀರವ್ವ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಲಕ್ಕವ್ವ ಮುಷ್ಟಿ ಬಿಗಿದಳು. ತಲೆನೋವಿನದು ಎಂದುಬಿಡಬಹುದಿತ್ತು, ಸುಳ್ಳು ಬಾಯಿಗೆ ಬರಲಿಲ್ಲ. "ಮತ್ತ ಬಸರಾಗಬಾರದಂತ ತಂದೇನ್ರಿ ಅತ್ತಿ. ಈ ಕೂಸ ಇನ್ನೂ ಮಲಿ ಬಿಟ್ಟಿಲ್ಲ."

"ಜೀವಾ ತೆಗಿಯೂ ಪಾಪದ ಗುಳಿಗಿ, ನನ್ನ ಮನಿಯಾಗ?" ಬೀರವ್ವನ ದನಿ ಏರಿತು.

"ಜೀವಾ ತೆಗಿಯೂದಿಲ್ರಿ. ನಿಂತ ಬಸರಿಗೆ ಇದು ಏನೂ ಮಾಡೂದಿಲ್ಲಂತ ಯರಗಟ್ಟಿ ನರ್ಸಬಾಯಿ ಹೇಳ್ಯಾರ. ಒಳಗ ತತ್ತಿ ಬಿಡೂದನ್ನ ತಡಾ ಮಾಡತೈತಿ, ಅಷ್ಟ. ಮನಿ ಶಾಂತಿ ದಿನಾ ಮುಟ್ಟು ಮುಂದ ಹೋಗಲಿ ಅಂತ ನೀವ ಗುಳಿಗಿ ತರಿಸಿ ಕೊಟ್ಟಿದ್ರಲ್ಲಾ, ಅದರ ಜಾತಿದ ಇದು."

ಅಂದು ಸೊಸೆ ಒಲ್ಲೆನೆಂದರೂ, ಪೂಜೆ ಕೆಡಬಾರದೆಂದು ಬೀರವ್ವನೇ ತಂಬಿಗೆ ಹಿಡಿದು ನಿಂತು ನುಂಗಿಸಿದ್ದಳು. ಈಗ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು, ಅದೇ ತಂಬಿಗೆಯನ್ನು ಕೊಡದಲ್ಲಿ ಅದ್ದಿ ಸೊಸೆಯ ಮುಂದೆ ಹಿಡಿದಳು. "ಆವಾಗ ದೇವರ ಹೆಸರಿಲೆ ನಾನ ನುಂಗಿಸೇನಿ. ಈಗ ನಿನ್ನ ಸಲುವಾಗಿ ನೀ ನುಂಗಿದ್ರ ಪಾಪ ಹ್ಯಾಂಗ ಆದೀತು? ತಗೋ, ನೀರ ಹಾಕತೇನಿ."

ಲಕ್ಕವ್ವ ಮುಷ್ಟಿ ಬಿಚ್ಚಿ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಳು. ತುಂಬಿ ಬಂದ ಕಣ್ಣನ್ನು ಒರೆಸಿಕೊಳ್ಳಲೂ ಇಲ್ಲ. ತೀರ್ಥಕ್ಕೆ ಒಡ್ಡುವಂತೆ ಅಂಗೈ ಒಡ್ಡಿದಳು.