ಪಾದದ ಕಪ್ಪು

ಪಕ್ಕದ ಮನೆಯವರು ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕುವ ವಾಸನೆ ಬಂದರೆ ಈಗಲೂ ನಾನು ಕಿಟಕಿ ಮುಚ್ಚಿಬಿಡುತ್ತೇನೆ.

ಮಮ್ಮಿ ನರ್ಸ್ ಕೆಲಸಕ್ಕೆಂದು ಕುವೈತಿಗೆ ಹೊರಟ ದಿನ, ಮಡಂತ್ಯಾರಿನ ನಮ್ಮ ಮನೆಯ ಹಿತ್ತಾಳೆಯ ಶಿಲುಬೆಯಲ್ಲಿದ್ದ ಏಸುವಿನ ಪಾದಗಳಿಗೆ ಮುತ್ತಿಟ್ಟು ಕಾರು ಹತ್ತಿದ್ದಳು. ಆಮೇಲೆ ಪ್ರತಿ ಸಂಜೆ ಜಪಸರದ ಪ್ರಾರ್ಥನೆ ಮುಗಿದೊಡನೆ ನಾನು ಸ್ಟೂಲು ಹತ್ತಿ ಮಮ್ಮಿ ಮುತ್ತಿಟ್ಟ ಅದೇ ಜಾಗಕ್ಕೆ ತುಟಿ ಒತ್ತುತ್ತಿದ್ದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ತೆನೆಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಬಾವಿಕಟ್ಟೆಯಲ್ಲಿ ಕೂತು, ಶಿಲುಬೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು, ತೆಂಗಿನ ನಾರಿನಿಂದ ಆ ಪಾದಗಳನ್ನೇ ತಿಕ್ಕುತ್ತಿದ್ದಳು.

"ಎಷ್ಟು ಕಪ್ಪಾಗಿದೆ ನೋಡು ಪುತಾ. ಎಲ್ಲರೂ ಮುತ್ತು ಕೊಡುವುದು ಇಲ್ಲಿಗೇ ಅಲ್ವಾ?"

ಅವಳ ಬೆರಳ ಸಂದಿಯಿಂದ ಕಪ್ಪು ನೀರು ಇಳಿದು ಕೆಸುವಿನ ಬುಡಕ್ಕೆ ಹೋಯಿತು. ನನ್ನ ಕಣ್ಣು ತುಂಬಿತು.

"ಹುಳಿ ಹಾರಿತಾ ಕಣ್ಣಿಗೆ?"

"ಹೌದು," ಎಂದೆ.

ಅಜ್ಜಿ ಸೆರಗಿನಿಂದ ನನ್ನ ಕಣ್ಣೊರೆಸಿದಳು. "ಅಳಬೇಡ. ನಿನ್ನ ಮಮ್ಮಿ ಬರುವಾಗ ಇದು ಹೀಗೇ ಹೊಳೀಬೇಕು."

ಆ ಸಂಜೆ ಶಿಲುಬೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಸ್ಟೂಲು ಹತ್ತಿ ಪಾದಕ್ಕೆ ತುಟಿ ಒತ್ತಿದೆ. ಬರೀ ಹುಳಿ.