ಅರಿಶಿನ ಕುಂಕುಮದ ಹೊಲ

"ನಮ್ಮ ದೊಡ್ಡಪ್ಪನ ಹೆಸರು ತೆಗೀಬಾರ್ದು ಮೇಡಂ, ಜಾಗ ಕೊಟ್ಟೋರು ಅವ್ರು!" ವಸಂತಪುರದ ಚಿಕ್ಕಬೈರಪ್ಪ ಸರ್ಕಾರಿ ಪ್ರೌಢಶಾಲೆಯ ಹೆಸರು ಬದಲಿಸುವ ಸಭೆಯಲ್ಲಿ ಚೈತನ್ಯ ಮೇಜು ಗುದ್ದಿದ. ಮುಖ್ಯೋಪಾಧ್ಯಾಯಿನಿ ಹಳೆಯ ದಾನಪತ್ರವನ್ನು ಎತ್ತಿ ತೋರಿಸಿದರು. ಅದರಲ್ಲಿದ್ದುದು ಚಿಕ್ಕಬೈರಪ್ಪನವರ ಹೆಂಡತಿ ಮುನಿತಾಯಮ್ಮನ ಹೆಬ್ಬೆಟ್ಟು. ಮುಂದಿನ ಸಾಲಿನಲ್ಲಿ ಕೂತಿದ್ದ ಮುನಿತಾಯಮ್ಮನತ್ತ ತಿರುಗಿ ಕೇಳಿದರು: "ನೀವೇ ಹೇಳಿ ಅಜ್ಜಿ, ಜಾಗ ಯಾರದು?"

ಐವತ್ತು ವರ್ಷ ಯಾರೂ ಕೇಳಿರಲಿಲ್ಲ, ಮುನಿತಾಯಮ್ಮನೂ ಹೇಳಿರಲಿಲ್ಲ. ಸತ್ತ ಗಂಡನ ಮರ್ಯಾದೆ ಏನಾದೀತೆಂಬ ಅಳುಕು ಈಗಲೂ ಇತ್ತು. ಆದರೂ ಹೊದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ನಮ್ಮಪ್ಪ ನನಗೆ ಅರಿಶಿನ ಕುಂಕುಮಕ್ಕೆ ಕೊಟ್ಟ ಹೊಲ ಕಣಪ್ಪ ಇದು. ಹೆಣ್ಮಕ್ಳು ಓದ್ಲಿ ಅಂತ ನಾನೇ ಬಿಟ್ಕೊಟ್ಟೆ. ನಿಮ್ ದೊಡ್ಡಪ್ಪ ಬೋರ್ಡ್ ಬರ್ಸಿದ್ರು, ಅಷ್ಟೇ."

ಸಭೆ ಗೊಳ್ಳೆಂದು ನಕ್ಕಿತು. ಚೈತನ್ಯ ದನಿ ತಗ್ಗಿಸಿದ. "ಹಾಗಾದ್ರೆ ಹೊಸ ಹೆಸರು ಯಾವ್ದು ದೊಡ್ಡಮ್ಮ?"

"ನಂದೇ. ದೊಡ್ಡಕ್ಷರದಲ್ಲಿ ಬರ್ಸು, ಕನಕಪುರ ರೋಡಿಗೆ ಕಾಣ್ಬೇಕು."