ಕೆಂಪರಾಜನ ಗಂಟು

ನಾಲ್ಕನೇ ಸಲ ತೂಗಿದಾಗ ತಕ್ಕಡಿಯ ಮುಳ್ಳು ಅಂತೂ ವಿಮಾನದವರು ಬಿಡುವ ಇಪ್ಪತ್ತು ಕೆಜಿಗೆ ಬಂದು ನಿಂತಿತು. ಗುಜರಿ ಅಂಗಡಿಯಿಂದ ಕೇಳಿ ತಂದ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸನ್ನು ನೇತುಹಾಕಿ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ ಪರ್ವೀನ್, ಉಸ್ಸಪ್ಪಾ ಎಂದು ಅದನ್ನು ನೆಲಕ್ಕಿಳಿಸಿದಳು. ಮಸ್ಕತ್ತಿನ ಆಸ್ಪತ್ರೆಯ ಆಯಾ ಕೆಲಸಕ್ಕೆ ಸಂಜೆ ವಾಪಸು ಹೊರಟವಳು ಅವಳಾದರೂ ಪೆಟ್ಟಿಗೆ ಮಾತ್ರ ಬೀದಿಯವರದು. ಬೈಲಪ್ಪನವರ ಅಳಿಯನಿಗೆ ಉಪ್ಪಿನಕಾಯಿ, ಪಿಳ್ಳಪ್ಪನ ತಮ್ಮನಿಗೆ ಮೂಲವ್ಯಾಧಿಯ ಲೇಹ್ಯ. ಅರ್ಧ ಕೆಜಿ ಅಷ್ಟೇ ಅನ್ನುತ್ತಾ ತರುವವರ ಅರ್ಧ ಕೆಜಿ ಯಾವ ಕಾಲಕ್ಕೂ ಒಂದೂವರೆಗೆ ಕಡಿಮೆ ಇರುವುದಿಲ್ಲ. ಅವಳ ಅಮ್ಮಿ ಕೈಯಾರೆ ಹೊಲಿದುಕೊಟ್ಟ ರಜಾಯಿ ಆಗಲೇ ಪೆಟ್ಟಿಗೆಯಿಂದ ಹೊರಬಿದ್ದು ಮಂಚದ ಮೇಲೆ ಕೂತಿತ್ತು.

ಅಷ್ಟರಲ್ಲಿ ಕೆಳಗಿನ ಮನೆಯ ಶ್ವೇತ ದೊಡ್ಡದೊಂದು ಗಂಟನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮನೆ ಓನರ್ ಪಟಾಲಮ್ಮನ ಸೊಸೆ.

"ಪರ್ವೀನಕ್ಕ, ಇದು ನಮ್ಮೋರಿಗೆ. ನಮ್ಮತ್ತೆನೇ ಕಟ್ಟಿದ್ದು. ಮಂಡಿನೋವು, ಮೇಲೆ ಬರಕ್ಕಾಗಲ್ಲ. ಬಿಚ್ಚದೆ ಹಂಗೇ ಇಟ್ಕೊಳ್ಳಿ ಅಂದ್ರು."

ನಮ್ಮೋರು ಎಂದರೆ ಅವಳ ಗಂಡ ಕೆಂಪರಾಜ. ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಕಳೆದ ದೀಪಾವಳಿಗೆ ಶ್ವೇತ ಯಾರದೋ ಕೈಯಲ್ಲಿ ಕಳಿಸಿದ್ದ ಕಜ್ಜಾಯದ ಡಬ್ಬವನ್ನು ಪರ್ವೀನ್ ಅವನಿಗೆ ತಲುಪಿಸಲು ಹೋದಾಗ, ಅವನ ರೂಮಿನ ಬಾಗಿಲು ತೆಗೆದವಳು ಒಬ್ಬ ತುಂಬು ಬಸುರಿ. "ಊರಲ್ಲಿ ಹೇಳ್ಬೇಡಿ ಅಕ್ಕ, ನಾನೇ ಹೇಳ್ತೀನಿ" ಎಂದು ಅವನು ಕೈ ಮುಗಿದಿದ್ದ. ಪರ್ವೀನ್ ಹೇಳಲಿಲ್ಲ. ಅವಳ ಅಮ್ಮಿ, ಎರಡು ಮಕ್ಕಳು ಇರುವುದು ಇದೇ ಪಟಾಲಮ್ಮನ ಮಹಡಿಯಲ್ಲಿ. ರಜೆಗೆ ಬಂದ ದಿನ ಶ್ವೇತ ಓಡಿ ಬಂದು ಕೇಳಿದಾಗ "ಚೆನ್ನಾಗವ್ರೆ, ಕಜ್ಜಾಯ ಇಷ್ಟಪಟ್ಟು ತಿಂದ್ರು" ಅಂದುಬಿಟ್ಟಿದ್ದಳು. ಆ ಮಾತಿಗೆ ಅವಳಿಗೆ ಇವತ್ತಿಗೂ ನಾಚಿಕೆಯಿತ್ತು.

"ಒಂದು ಕರ್ಚೀಫ್ ಇಡಕ್ಕೂ ಜಾಗ ಇಲ್ಲ ಕಣಮ್ಮ," ಅಂದಳು.

"ಹಂಗಾದ್ರೆ ಬಿಚ್ಚಿ, ಬೇಡದ್ದು ತೆಗೆದ್ಬಿಡಣ. ಅತ್ತೆಗೇನು ಗೊತ್ತಾಗ್ತದೆ," ಎಂದು ಶ್ವೇತಳೇ ಗಂಟು ಬಿಚ್ಚತೊಡಗಿದಳು. ಮೇಲೆ ಅವಳು ಸಿಕ್ಕಿಸಿದ್ದ ಮೂರು ಸಾಮಾನು: ಶಿವಾಜಿನಗರದಲ್ಲಿ ಆರಿಸಿ ತಂದ ಚೌಕಳಿ ಶರ್ಟು, ಹುಚ್ಚೆಳ್ಳು ಚಟ್ನಿಪುಡಿ, ಅಂಟು ಹಚ್ಚಿ ಮುಚ್ಚಿದ ಒಂದು ಕಾಗದ. ಅದರ ಕೆಳಗೆ ಪಟಾಲಮ್ಮನ ನಿಪ್ಪಟ್ಟು. ತಳದಲ್ಲಿ, ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಬಿಗಿದು ಕಟ್ಟಿದ ಎರಡು ಕೆಜಿಯಷ್ಟು ಹಿಟ್ಟು.

ಶ್ವೇತ ಚಿಟಿಕೆ ಹಿಟ್ಟು ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಇದು ರಾಗಿ ಸರಿ. ಎಳೇ ಮಕ್ಕಳಿಗೆ ಕುಡಿಸೋದು. ನಾನೇ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬಟ್ಟೇಲಿ ಸೋಸಿದ್ದು. ನಮ್ಮ ನಾದಿನಿ ರಮ್ಯಶ್ರೀ ಮಗೂಗೆ ಅಂದ್ರು ಅತ್ತೆ. ಆ ಹುಡ್ಗ ಆಗ್ಲೇ ಮುದ್ದೆ ನುಂಗ್ತಾನಲ್ಲಾ ಅಂತ ಅನ್ನಿಸ್ತು. ಕೇಳ್ಳಿಲ್ಲ."

"ಜ್ವರಗಿರ ಬಂದ್ರೆ ಗಂಜಿ ಕಾಯ್ಸ್ಕೊಳ್ಳಲಿ ಅಂತ ಕಟ್ಟಿರ್ಬೇಕು ಬಿಡು," ಎಂದು ಪರ್ವೀನ್ ಅವಸರದಲ್ಲಿ ಆ ಬಟ್ಟೆಯನ್ನು ಮಡಚಲು ಹೋದಳು. ಅದರ ಮೂಲೆಯ ಪುಟ್ಟ ಗಂಟು ಸಡಿಲಿ ಒಂದು ತುಂಡು ಬಜೆಬೇರು, ಕರಿಮಣಿ ಪೋಣಿಸಿದ ಎರಡು ಕೈಸರ ನೆಲಕ್ಕೆ ಬಿದ್ದವು. ಶ್ವೇತ ಒಂದನ್ನು ಎತ್ತಿ ತೊಟ್ಟು ನೋಡಿದಳು. ಎರಡು ಬೆರಳು ಹೋಗುವಷ್ಟೇ ಅಗಲ.

ಮಹಡಿಯ ಮೇಲೆಯೇ ಎಂಬಂತೆ ವಿಮಾನವೊಂದು ಹಾದುಹೋಯಿತು. ಅದು ಹೋಗುವ ತನಕ ಮಾತು ನಿಲ್ಲಿಸುವುದು ಕಗ್ಗದಾಸಪುರದಲ್ಲಿ ಎಲ್ಲರಿಗೂ ರೂಢಿ. ಅಷ್ಟು ಹೊತ್ತಿನಲ್ಲಿ ಒಂದು ಒಳ್ಳೆಯ ಸುಳ್ಳು ಹುಡುಕಬಹುದಿತ್ತು. ಆದರೆ ಪರ್ವೀನಳಿಗೆ ಸಾಕಾಗಿಹೋಗಿತ್ತು.

"ಮಗೂಗೆ ಎಷ್ಟು ತಿಂಗಳು ಅಕ್ಕ?"

"ಆರೋ ಏಳೋ ಇರ್ಬೇಕು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಕಣಮ್ಮ. ನಾನು ಹೇಳ್ಬೇಕಿತ್ತು."

"ಎಸ್.ಟಿ.ಡಿ. ಬೂತಿಗೆ ಅವ್ರ ಫೋನ್ ಬಂದ್ರೆ ಅತ್ತೆ ಆ ಮಂಡಿ ಎಳ್ಕೊಂಡು ಒಬ್ರೇ ಹೋಗೋರು. ನೀನು ಒಲೆ ನೋಡ್ಕೋ ಅನ್ನೋರು."

ಅವನು ಹೇಳಿಯೇ ಇದ್ದ, ತಾಯಿಗೆ ಮಾತ್ರ. ಪರ್ವೀನಳಿಗೆ ಕೆಳಗಿನ ಮುದುಕಿಯ ಮೇಲೂ ತನ್ನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಹಿಟ್ಟಿನ ಗಂಟನ್ನು ಎತ್ತಿ ಬಾಗಿಲಾಚೆ ಇಡಲು ಹೊರಟಳು. "ನಾನಿದನ್ನ ಒಯ್ಯಲ್ಲ. ಮನೆ ಖಾಲಿ ಮಾಡ್ಸಿದ್ರೂ ಸರಿ."

ಶ್ವೇತ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. "ಮಗು ಏನ್ ಮಾಡ್ತು, ಬಿಡಿ."

ಬಜೆಬೇರನ್ನೂ ಕೈಸರಗಳನ್ನೂ ಮೊದಲಿನಂತೆ ಮೂಲೆಗೆ ಕಟ್ಟಿದಳು. ಬೈಲಪ್ಪನವರ ಉಪ್ಪಿನಕಾಯಿ ತೆಗೆದು ಆ ಜಾಗದಲ್ಲಿ ಹಿಟ್ಟನ್ನೂ ನಿಪ್ಪಟ್ಟನ್ನೂ ಒತ್ತಿ ಕೂರಿಸಿದಳು. ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಮಂಡಿಯೂರಿ ಜಿಪ್ ಎಳೆದಳು. ನೆಲದ ಮೇಲೆ ಶರ್ಟು, ಚಟ್ನಿಪುಡಿ, ಕಾಗದ ಉಳಿದಿದ್ದವು. ಪರ್ವೀನ್ ಕಾಗದದ ಕಡೆಗೆ ಕೈ ಚಾಚಿದಳು. ಶ್ವೇತ ಅದಕ್ಕಿಂತ ಮೊದಲೇ ಮೂರನ್ನೂ ಬಾಚಿ ಮಡಿಲಿಗೆ ಹಾಕಿಕೊಂಡಳು.

"ಏನೇ ಶ್ವೇತಾ, ಇಷ್ಟೊತ್ತು?" ಕೆಳಗಿನಿಂದ ಪಟಾಲಮ್ಮನ ದನಿ ಕೇಳಿಸಿತು. "ಪೆಟ್ಟಿಗೇಲಿ ಎಲ್ಲಾ ಹಿಡೀತೇನೇ?"

ಶ್ವೇತ ಮೆಟ್ಟಿಲ ತನಕ ಹೋಗಿ ನಿಂತಳು.

"ನಿಮ್ದೆಲ್ಲ ಹಿಡೀತು ಅತ್ತೆ. ನಂದೇ ಹಿಡೀಲಿಲ್ಲ."